ಗಡಿಯೂರಿನ ಲಾಭ-ನಷ್ಟ: ಕಾಸರಗೋಡಿನ ಇತಿಹಾಸ ಮತ್ತು ಅಲ್ಲಿನ ಮಹನೀಯರು

ವ್ಯಾಪಾರಕ್ಕೆ ದಾರಿ ಮುಖ್ಯ; ಆಡಳಿತಕ್ಕೆ ಗಡಿ ಮುಖ್ಯ. ದಾರಿಯನ್ನು ಗಡಿಯು ಅಡ್ಡಹಾಯುವ ಸ್ಥಳದಲ್ಲಿ ನೆಲೆಸಿರುವ ಊರುಗಳ ಚರಿತ್ರೆ ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಬೇರೆ ಯಾವ ಪಾಠಪುಸ್ತಕವೂ ಕಲಿಸದಿರುವುದನ್ನು ಕಲಿಸುತ್ತದೆ. ಭೂಪಟದ ಮೇಲೆ ಎಳೆದ ಗೆರೆಯು ಜನರ ಕೊಡುಕೊಳ್ಳುವಿಕೆಯನ್ನು ನಿಲ್ಲಿಸಲಾರದು. ಆದರೆ ಪ್ರತಿಯೊಂದು ಕೊಡುಕೊಳ್ಳುವಿಕೆಯ ಮೇಲೂ ಅದು ಒಂದು ಖರ್ಚನ್ನು ಹೇರುತ್ತದೆ. ಆ ಖರ್ಚು ಯಾರ ಖಾತೆಗೆ ಬೀಳುತ್ತದೆ, ಅದನ್ನು ತಗ್ಗಿಸಲು ಅಲ್ಲಿನ ಜನ ಏನು ಮಾಡಿದರು ಎಂಬುದೇ ಗಡಿಯೂರಿನ ನಿಜವಾದ ಇತಿಹಾಸ.

ಈ ದೃಷ್ಟಿಯಿಂದ ನೋಡಬೇಕಾದ ಊರುಗಳಲ್ಲಿ ಕಾಸರಗೋಡು ಮೊದಲನೆಯದು. ಮಂಗಳೂರಿನಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ, ರಾಷ್ಟ್ರೀಯ ಹೆದ್ದಾರಿ 66ರ ಮೇಲಿರುವ ಈ ಪಟ್ಟಣ ಇಂದು ಕೇರಳದ ಉತ್ತರ ತುದಿಯ ಜಿಲ್ಲೆಯ ಕೇಂದ್ರ. ಮೈಸೂರಿನಿಂದ ಹೊರಟವರು ಹುಣಸೂರು, ಮಡಿಕೇರಿ, ಸುಳ್ಯಗಳನ್ನು ದಾಟಿ, ಜಾಲ್ಸೂರಿನಲ್ಲಿ ಎಡಕ್ಕೆ ಹೊರಳಿ, ಚೆರ್ಕಳದ ಮಾರ್ಗವಾಗಿ ಈ ಊರನ್ನು ಸೇರಬಹುದು. ಕನ್ನಡ, ಮಲಯಾಳ, ತುಳು, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಹೀಗೆ ಹಲವು ನುಡಿಗಳು ಕೇಳಿಬರುವ ಕಾರಣ ಇದನ್ನು ‘ಸಪ್ತಭಾಷಾ ಸಂಗಮ ಭೂಮಿ’ ಎಂದು ಕರೆಯುವುದು ವಾಡಿಕೆ. ಇಲ್ಲಿ ಅಂಗಡಿ ತೆರೆದವನು ಎರಡು ಮೂರು ಭಾಷೆಗಳನ್ನಾದರೂ ಬಲ್ಲವನಾಗಿರಬೇಕು. ಗಿರಾಕಿಯ ಭಾಷೆಯಲ್ಲಿ ದರ ಹೇಳುವುದು ಅಲ್ಲಿ ವ್ಯಾಪಾರದ ಮೊದಲ ಮೆಟ್ಟಿಲು.

ನದಿ, ಕೋಟೆ ಮತ್ತು ಕರಾವಳಿ

ಕಾಸರಗೋಡು ಎಂಬ ಹೆಸರು ಕಾಸರಕ ಮರದಿಂದ ಬಂದಿತೆಂದು ಕೆಲವರೂ, ಸರೋವರ ಎಂಬ ಅರ್ಥದ ಸಂಸ್ಕೃತದ ‘ಕಾಸಾರ’ ಶಬ್ದದಿಂದ ಬಂದಿತೆಂದು ಇನ್ನು ಕೆಲವರೂ ಹೇಳುವುದುಂಟು. ಊರಿನ ದಕ್ಷಿಣಕ್ಕೆ ಹರಿಯುವ ಚಂದ್ರಗಿರಿ ನದಿಯು ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಪಯಸ್ವಿನಿ ಎಂಬ ಹೆಸರಿನಿಂದ ಸುಳ್ಯ ಸೀಮೆಯನ್ನು ಹಾದು, ಕಾಸರಗೋಡಿನ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ತುಳುನಾಡಿಗೂ ಮಲಯಾಳ ನಾಡಿಗೂ ಈ ನದಿಯೇ ಎಲ್ಲೆಯೆಂಬುದು ಪರಂಪರೆಯಿಂದ ಬಂದ ತಿಳಿವಳಿಕೆ. ನದಿಯ ಉತ್ತರಕ್ಕೆ ಕುಂಬಳೆ ಸೀಮೆ. ಅದರ ಅರಸರ ಅರಮನೆ ಮಾಯಿಪ್ಪಾಡಿಯಲ್ಲಿದೆ. ಮಧೂರು, ಅಡೂರು, ಕಣಿಪುರ, ಮುಜುಂಗಾವುಗಳ ದೇವಾಲಯಗಳನ್ನು ಈ ಸೀಮೆಯ ನಾಲ್ಕು ಮುಖ್ಯ ದೇವಾಲಯಗಳೆಂದು ಎಣಿಸುತ್ತಾರೆ.

ಹದಿನೇಳನೆಯ ಶತಮಾನದಲ್ಲಿ ಕೆಳದಿಯ ನಾಯಕರು ಈ ಕರಾವಳಿಯನ್ನು ತಮ್ಮ ಹಿಡಿತಕ್ಕೆ ತಂದುಕೊಂಡರು. ಶಿವಪ್ಪನಾಯಕನು 1650ರ ಸುಮಾರಿಗೆ ಕಟ್ಟಿಸಿದ ಬೇಕಲ ಕೋಟೆಯು ಸುಮಾರು 40 ಎಕರೆ ವಿಸ್ತಾರವಾಗಿದ್ದು, ಇಂದಿನ ಕೇರಳದ ಅತಿ ದೊಡ್ಡ ಕೋಟೆಯಾಗಿದೆ. ಚಂದ್ರಗಿರಿ ಮತ್ತು ಹೊಸದುರ್ಗದ ಕೋಟೆಗಳೂ ಕೆಳದಿಯವರವೇ. ಕರಾವಳಿಯ ಅಕ್ಕಿ ಮತ್ತು ಮೆಣಸು ಗೋವೆಗೂ ಅರಬ್ ನಾಡುಗಳಿಗೂ ಹೋಗುತ್ತಿದ್ದ ಕಾಲವದು. ಕಡಲ ದಾರಿಯನ್ನು ಕಾಯುವುದು ಎಂದರೆ ರಾಜ್ಯದ ಆದಾಯವನ್ನು ಕಾಯುವುದೇ ಆಗಿತ್ತು. ಗಡಿಯ ಕೋಟೆಯು ಸೈನ್ಯದ ನೆಲೆಯಾಗಿದ್ದಷ್ಟೇ ಸುಂಕದ ನೆಲೆಯೂ ಆಗಿತ್ತೆಂಬುದನ್ನು ವರ್ತಕರು ಸುಲಭವಾಗಿ ಗ್ರಹಿಸಬಲ್ಲರು.

1763ರಲ್ಲಿ ಹೈದರ್ ಅಲಿಯು ಬಿದನೂರನ್ನು ಗೆದ್ದುಕೊಂಡ ತರುವಾಯ ಈ ಪ್ರದೇಶ ಮೈಸೂರಿನ ಆಳ್ವಿಕೆಗೆ ಒಳಪಟ್ಟಿತು. ಶ್ರೀರಂಗಪಟ್ಟಣಕ್ಕೂ ಬೇಕಲಕ್ಕೂ ನೇರ ಸಂಬಂಧವಿದ್ದ ಆ ಅವಧಿ 1799ರಲ್ಲಿ ಟಿಪ್ಪುವಿನ ಪತನದೊಡನೆ ಮುಗಿಯಿತು. ಕೆನರಾ ಜಿಲ್ಲೆಯನ್ನು ಇಂಗ್ಲಿಷರು ಮದರಾಸಿಗೆ ಸೇರಿಸಿದರು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಹೋದಾಗ ದಕ್ಷಿಣ ಕೆನರಾ ಮದರಾಸಿನಲ್ಲೇ ಉಳಿಯಿತು. ಹಿಂದೆ ಬೇಕಲದ ಹೆಸರಿನಲ್ಲಿದ್ದ ತಾಲ್ಲೂಕು ಮುಂದೆ ಕಾಸರಗೋಡು ತಾಲ್ಲೂಕಾಗಿ, ದಕ್ಷಿಣ ಕೆನರಾ ಜಿಲ್ಲೆಯ ದಕ್ಷಿಣದ ಅಂಚಾಗಿ, ಸ್ವಾತಂತ್ರ್ಯಾನಂತರವೂ ಒಂಬತ್ತು ವರ್ಷಗಳ ಕಾಲ ಹಾಗೆಯೇ ನಡೆದುಬಂದಿತು.

ತೆಂಗು, ಅಡಿಕೆ, ನೇಯ್ಗೆ

1907ರಲ್ಲಿ ರೈಲು ಮಾರ್ಗ ಮಂಗಳೂರನ್ನು ಮುಟ್ಟಿದಾಗ ಕಾಸರಗೋಡು ಆ ಮಾರ್ಗದ ಒಂದು ನಿಲ್ದಾಣವಾಯಿತು. 1916ರಲ್ಲಿ ಮದರಾಸು ಸರ್ಕಾರ ಇಲ್ಲಿ ತೆಂಗು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿತು. ಇದೇ ಸೀಮೆಯ ನೀಲೇಶ್ವರದ ಕೇಂದ್ರದಲ್ಲಿ 1932ರಲ್ಲಿ ಜೆ.ಎಸ್. ಪಟೇಲ್ ಅವರು ಎತ್ತರದ ತಳಿ ಮತ್ತು ಗಿಡ್ಡ ತಳಿಗಳನ್ನು ಕೂಡಿಸಿ ತೆಂಗಿನ ಮಿಶ್ರತಳಿಯನ್ನು ಪಡೆದರು. ತೆಂಗಿನ ಬೇಸಾಯದ ಚರಿತ್ರೆಯಲ್ಲಿ ಅದು ಜಗತ್ತಿನಲ್ಲೇ ಮೊದಲನೆಯದೆಂದು ಪ್ರಸಿದ್ಧವಾಗಿದೆ. 1970ರಲ್ಲಿ ಕಾಸರಗೋಡಿನ ಸಂಸ್ಥೆಯು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿ ರೂಪುಗೊಂಡಿತು. ತೆಂಗು, ಅಡಿಕೆ, ಕೋಕೋ ಬೆಳೆಗಳಿಗೆ ಇದು ರಾಷ್ಟ್ರಮಟ್ಟದ ಕೇಂದ್ರ. ಇದರ ಪ್ರಾದೇಶಿಕ ಕೇಂದ್ರವಿರುವ ವಿಟ್ಲವು ಗಡಿಯ ಈಚೆ, ಕರ್ನಾಟಕದಲ್ಲಿದೆ. ಬೆಳೆಗೆ ರಾಜ್ಯದ ಗಡಿ ತಿಳಿಯದು. ಮಣ್ಣು ಮತ್ತು ಮಳೆ ಎಲ್ಲಿ ಒಂದೇ ಆಗಿದೆಯೋ ಅಲ್ಲಿ ಸಂಶೋಧನೆಯೂ ಒಂದೇ.

ಕೈಕಸಬುಗಳಲ್ಲಿ ಎರಡನ್ನು ಹೆಸರಿಸಬೇಕು. ಶಾಲಿಯ ಸಮುದಾಯದ ನೇಕಾರರು ಕೈಮಗ್ಗದಲ್ಲಿ ನೇಯುವ ಕಾಸರಗೋಡು ಹತ್ತಿ ಸೀರೆಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಮಾಲಿಕ್ ದೀನಾರ್ ಮಸೀದಿಯಿರುವ ತಳಂಗರೆಯಲ್ಲಿ ಕೈಯಿಂದ ಹೊಲಿಯುವ ಟೋಪಿಗಳು ಒಂದು ಕಾಲದಲ್ಲಿ ಹೊರದೇಶಗಳಿಗೆ ರಫ್ತಾಗುತ್ತಿದ್ದವು. ಮೈಸೂರು ರೇಷ್ಮೆ, ಮೈಸೂರು ಗಂಧ, ನಂಜನಗೂಡಿನ ರಸಬಾಳೆಗಳಿಗೆ ದೊರೆತ ಅದೇ ಮಾನ್ಯತೆ ಗಡಿಯಾಚೆಯ ಕೆಲವೇ ಮಗ್ಗಗಳಿಗೂ ದೊರೆತಿದೆ. ಆದರೆ ಮಾನ್ಯತೆಯ ಪತ್ರ ಮಾರುಕಟ್ಟೆಯನ್ನು ತಾನಾಗಿ ತಂದುಕೊಡದೆಂಬ ಅನುಭವ ಎರಡು ಕಡೆಗಳಿಗೂ ಸಮಾನ.

1956ರಲ್ಲಿ ಬಂದ ಎರಡು ಗೆರೆಗಳು

1953ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ನೇಮಿಸಿದ ರಾಜ್ಯ ಪುನರ್ವಿಂಗಡಣಾ ಆಯೋಗಕ್ಕೆ ಫಜಲ್ ಅಲಿ ಅಧ್ಯಕ್ಷರು. ಹೃದಯನಾಥ ಕುಂಜ್ರು ಮತ್ತು ಕೆ.ಎಂ. ಪಣಿಕ್ಕರ್ ಸದಸ್ಯರು. 1955ರ ಸೆಪ್ಟೆಂಬರ್ 30ರಂದು ಸಲ್ಲಿಸಿದ ವರದಿಯು ಕಾಸರಗೋಡು ತಾಲ್ಲೂಕನ್ನು ಕೇರಳಕ್ಕೆ ಸೇರಿಸಲು ಶಿಫಾರಸು ಮಾಡಿತು. ಅದರಂತೆ 1956ರ ನವೆಂಬರ್ 1ರಂದು, ದಕ್ಷಿಣ ಕೆನರಾದ ಉಳಿದ ಭಾಗ ಮೈಸೂರು ರಾಜ್ಯಕ್ಕೆ ಬಂದ ದಿನವೇ, ಕಾಸರಗೋಡು ಕೇರಳಕ್ಕೆ ಹೋಯಿತು. ಅದೇ ಕಾಯಿದೆಯು ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ತಾಲ್ಲೂಕನ್ನು ಮೈಸೂರಿಗೆ ಸೇರಿಸಿತೆಂಬುದು ನಮ್ಮ ಓದುಗರಿಗೆ ತಿಳಿದದ್ದೇ. ಒಂದು ಸಹಿಯಿಂದ ಕೊಳ್ಳೇಗಾಲದ ರೇಷ್ಮೆ ವ್ಯಾಪಾರಿಗೆ ಮೈಸೂರು ತನ್ನದೇ ರಾಜ್ಯದ ಪೇಟೆಯಾಯಿತು. ಅದೇ ಸಹಿಯಿಂದ ಕಾಸರಗೋಡಿನ ಅಡಿಕೆ ವ್ಯಾಪಾರಿಗೆ ಮಂಗಳೂರು ಹೊರರಾಜ್ಯದ ಪೇಟೆಯಾಯಿತು.

ಈ ಗೆರೆಯ ಜೊತೆಗೇ ಇನ್ನೊಂದು ಗೆರೆಯೂ ಬಂದಿತೆಂಬುದನ್ನು ಇತಿಹಾಸಕಾರರು ಹೆಚ್ಚಾಗಿ ಗಮನಿಸುವುದಿಲ್ಲ. ಲೆಕ್ಕಪರಿಶೋಧಕನ ಕಣ್ಣಿಗೆ ಮಾತ್ರ ಅದು ಬೀಳದೇ ಇರದು. 1956ರಲ್ಲೇ ಸಂವಿಧಾನದ ಆರನೆಯ ತಿದ್ದುಪಡಿಯಾಯಿತು. ಅದರ ಬೆನ್ನಿಗೇ ಕೇಂದ್ರ ಮಾರಾಟ ತೆರಿಗೆ ಕಾಯಿದೆ, 1956 ಬಂದಿತು. ಸರಕು ಒಂದು ರಾಜ್ಯದಿಂದ ಇನ್ನೊಂದಕ್ಕೆ ಚಲಿಸುವ ಮಾರಾಟವನ್ನು ‘ಅಂತರರಾಜ್ಯ ಮಾರಾಟ’ ಎಂದು ಗುರುತಿಸಿ ಬೇರೆ ತೆರಿಗೆ ವಿಧಿಸುವ ವ್ಯವಸ್ಥೆ ಅದು. 1957ರಲ್ಲಿ ಶೇಕಡ 1ರಿಂದ ಆರಂಭವಾದ ದರ 1963ರಲ್ಲಿ 2, 1966ರಲ್ಲಿ 3, 1975ರಲ್ಲಿ 4 ಆಯಿತು. ಮೂವತ್ತು ವರ್ಷಗಳಿಗೂ ಮೀರಿ ನಾಲ್ಕರಲ್ಲೇ ನಿಂತ ದರವು 2007ರ ಏಪ್ರಿಲ್‌ನಲ್ಲಿ 3ಕ್ಕೂ 2008ರ ಜೂನ್‌ನಲ್ಲಿ 2ಕ್ಕೂ ಇಳಿಯಿತು. ಈ ರಿಯಾಯಿತಿ ದರ ಸಿಗಬೇಕಾದರೆ ಕೊಂಡವನಿಂದ ‘ಸಿ’ ನಮೂನೆ ಬರಬೇಕಾಗಿತ್ತು. ಆ ನಮೂನೆಗಾಗಿ ವರ್ಷಗಟ್ಟಲೆ ಕಾದ ನೆನಪು ನಮ್ಮ ಹಿರಿಯ ಸದಸ್ಯರಿಗೆ ಇದ್ದೇ ಇದೆ.

ಮೈಸೂರಿನ ವರ್ತಕನ ವಹಿವಾಟಿನಲ್ಲಿ ಅಂತರರಾಜ್ಯ ಮಾರಾಟ ಒಂದು ಭಾಗ ಮಾತ್ರ. ಮಂಜೇಶ್ವರದ ವರ್ತಕನ ಸ್ಥಿತಿ ಹಾಗಲ್ಲ. ಅವನಿಗೆ ಹತ್ತಿರದ ಸಗಟು ಪೇಟೆಯೇ ಹೊರರಾಜ್ಯದಲ್ಲಿತ್ತು. 1956ರ ಅಕ್ಟೋಬರಿನಲ್ಲಿ ಜಿಲ್ಲೆಯೊಳಗಿನ ಸಾಗಾಟವಾಗಿದ್ದದ್ದು ಮುಂದೆ ಕಾಗದಪತ್ರ, ತಪಾಸಣಾ ಠಾಣೆ, ನಮೂನೆಗಳ ವ್ಯವಹಾರವಾಯಿತು. ಸರಕೂ ಅದೇ, ದಾರಿಯೂ ಅದೇ. ಖರ್ಚು ಮಾತ್ರ ಹೊಸದು.

ಹೋರಾಟ ಮತ್ತು ಮಹಾಜನ್ ವರದಿ

ಗೆರೆಯನ್ನು ಕನ್ನಡಿಗರು ಸುಮ್ಮನೆ ಒಪ್ಪಿಕೊಳ್ಳಲಿಲ್ಲ. 1957ರಲ್ಲಿ ಕೇರಳ ವಿಧಾನಸಭೆಗೆ ನಡೆದ ಮೊದಲ ಚುನಾವಣೆಯಲ್ಲಿ ಕರ್ನಾಟಕ ಪರ ನಿಲುವಿನ ಎಂ. ಉಮೇಶ ರಾವ್ ಅವರು ಮಂಜೇಶ್ವರದಿಂದ ಅವಿರೋಧವಾಗಿ ಆಯ್ಕೆಯಾದರು. ಅನಂತರ ಆ ಕ್ಷೇತ್ರವನ್ನು ಪ್ರತಿನಿಧಿಸಿದ ಕಳ್ಳಿಗೆ ಮಹಾಬಲ ಭಂಡಾರಿಯವರೂ ವಿಲೀನೀಕರಣ ಹೋರಾಟದ ಮುಂದಾಳುಗಳಾಗಿದ್ದರು. ಹೀಗೆ ತಾವು ಒಲ್ಲೆವೆಂದ ರಾಜ್ಯದ ವಿಧಾನಸಭೆಯಲ್ಲಿಯೇ ಕುಳಿತು ತಮ್ಮ ಮಾತನ್ನು ಹೇಳಿದ್ದು ಆ ಹೋರಾಟದ ವಿಶೇಷ.

1966ರ ಅಕ್ಟೋಬರ್ 25ರಂದು ಭಾರತದ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನ್ ಅವರ ಏಕಸದಸ್ಯ ಆಯೋಗ ನೇಮಕವಾಯಿತು. 1967ರ ಆಗಸ್ಟ್‌ನಲ್ಲಿ ಸಲ್ಲಿಕೆಯಾದ ವರದಿಯು ಚಂದ್ರಗಿರಿ ನದಿಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಹೇಳಿತು. ವರದಿ ಜಾರಿಗೆ ಬರಲಿಲ್ಲ. 1984ರ ಮೇ 24ರಂದು ಕಾಸರಗೋಡು ಕೇರಳದೊಳಗೇ ಪ್ರತ್ಯೇಕ ಜಿಲ್ಲೆಯಾಯಿತು. ಭಾಷಾ ಅಲ್ಪಸಂಖ್ಯಾತರ ರಕ್ಷಣೆಗೆ ಸಂವಿಧಾನದ ಏಳನೆಯ ತಿದ್ದುಪಡಿಯು 1956ರಲ್ಲಿ 350ಎ ಮತ್ತು 350ಬಿ ವಿಧಿಗಳನ್ನು ಸೇರಿಸಿತು. ಮೊದಲನೆಯದು ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ, ಎರಡನೆಯದು ವಿಶೇಷಾಧಿಕಾರಿಯ ನೇಮಕಕ್ಕೆ ಸಂಬಂಧಿಸಿದ್ದು. ಅಲ್ಲಿನ ಕನ್ನಡ ಶಾಲೆಗಳ ಉಳಿವಿಗೆ ಇಂದಿಗೂ ಇವೇ ಆಧಾರ.

ಕವಿಗಳು, ಕಲಾವಿದರು, ಆಟಗಾರರು

ಈ ಸೀಮೆಯ ಹೆಸರನ್ನು ನಾಡಿಗೆಲ್ಲ ತಿಳಿಸಿದವರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಅಗ್ರಗಣ್ಯರು. 1883ರ ಮಾರ್ಚ್ 23ರಂದು ಹುಟ್ಟಿದ ಅವರ ಮನೆಮಾತು ಕೊಂಕಣಿ, ಬರೆದದ್ದು ಕನ್ನಡದಲ್ಲಿ. ತಂದೆಯ ಮರಣದಿಂದಾಗಿ ಮದರಾಸಿನ ಪದವಿ ವ್ಯಾಸಂಗವನ್ನು ಪೂರ್ಣಗೊಳಿಸಲಾಗದೆ ಊರಿಗೆ ಮರಳಿದ ಅವರು, ಮನೆಯಲ್ಲಿದ್ದೇ ಅನೇಕ ಭಾಷೆಗಳನ್ನು ಕಲಿತು ಸಂಶೋಧಕರಾದರು. ಕನ್ನಡ ಕಾವ್ಯದಲ್ಲಿ ಪ್ರಾಸದ ಕಟ್ಟನ್ನು ಬಿಟ್ಟ ಮೊದಲಿಗರಲ್ಲಿ ಅವರೊಬ್ಬರು. 1949ರಲ್ಲಿ ಮದರಾಸು ಸರ್ಕಾರ ಅವರಿಗೆ ರಾಷ್ಟ್ರಕವಿ ಎಂಬ ಬಿರುದನ್ನಿತ್ತು ಗೌರವಿಸಿತು. 1951ರಲ್ಲಿ ಮುಂಬಯಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ತಮ್ಮ ಊರು ಬೇರೆ ರಾಜ್ಯಕ್ಕೆ ಸೇರಿದ್ದನ್ನು ಕಂಡು, 1963ರ ಸೆಪ್ಟೆಂಬರ್ 6ರಂದು ಅವರು ತೀರಿಕೊಂಡರು. ಅವರ ಮನೆ ಇಂದು ‘ಗಿಳಿವಿಂಡು’ ಎಂಬ ಸ್ಮಾರಕವಾಗಿದೆ.

ಕಯ್ಯಾರ ಕಿಞ್ಞಣ್ಣ ರೈಗಳು 1915ರ ಜೂನ್ 8ರಂದು ಜನಿಸಿ, ನೂರು ತುಂಬಿದ ಮೇಲೆ 2015ರ ಆಗಸ್ಟ್ 9ರಂದು ನಿಧನರಾದರು. ಸ್ವಾತಂತ್ರ್ಯ ಹೋರಾಟಗಾರರೂ ಪೆರಡಾಲದ ಶಾಲೆಯ ಅಧ್ಯಾಪಕರೂ ಕೃಷಿಕರೂ ಬದಿಯಡ್ಕ ಪಂಚಾಯತಿಯ ಅಧ್ಯಕ್ಷರೂ ಆಗಿದ್ದ ಕವಿ ಅವರು. ವಿಲೀನೀಕರಣ ಹೋರಾಟದ ದನಿಯಾಗಿದ್ದ ಅವರೇ ಕೇರಳದ ಪಂಚಾಯತಿಯ ಆಡಳಿತವನ್ನೂ ನಡೆಸಿದರು. ಬೇಡಿಕೆಯನ್ನು ಬಿಡದೆ, ಕೈಯಲ್ಲಿರುವ ಕೆಲಸವನ್ನೂ ಬಿಡದೆ ಬದುಕುವ ಈ ರೀತಿಯನ್ನು ಗಡಿಯ ಜನರಿಂದ ಕಲಿಯಬೇಕು. ಅವರ ಆತ್ಮಕಥೆಯ ಹೆಸರು ‘ದುಡಿತವೇ ನನ್ನ ದೇವರು’. ಇದು ಯಾವ ಕಾರ್ಖಾನೆಯ ಬಾಗಿಲ ಮೇಲೆ ಬರೆದರೂ ಒಪ್ಪುವ ಹೆಸರು. 1997ರಲ್ಲಿ ಮಂಗಳೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಸಂದಿತು.

ತೆಂಕುತಿಟ್ಟು ಯಕ್ಷಗಾನದ ಪಿತಾಮಹನೆಂದು ಗೌರವಿಸಲ್ಪಡುವ ಪಾರ್ತಿಸುಬ್ಬ ಕುಂಬಳೆಯವನು. ತಾಳಮದ್ದಳೆಯ ಅರ್ಥಗಾರಿಕೆಯಲ್ಲಿ ಹೆಸರಾದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಇದೇ ಸೀಮೆಯವರು. ಕಾರಡ್ಕದಲ್ಲಿ 1940ರಲ್ಲಿ ಹುಟ್ಟಿದ ಕವಿ ಕೆ.ವಿ. ತಿರುಮಲೇಶ್ ಅವರಿಗೆ 2015ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. 2023ರ ಜನವರಿಯಲ್ಲಿ ಅವರು ನಮ್ಮನ್ನಗಲಿದರು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಅನಿಲ್ ಕುಂಬ್ಳೆಯವರ ಕುಟುಂಬದ ಮೂಲವೂ ಕುಂಬಳೆಯೇ. 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು ಕಿತ್ತಾಗ, ಗಡಿಯ ಒಂದು ಪುಟ್ಟ ಊರಿನ ಹೆಸರು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು.

ಎಡನೀರಿನಿಂದ ಸರ್ವೋಚ್ಚ ನ್ಯಾಯಾಲಯದವರೆಗೆ

ಕಾಸರಗೋಡಿನಿಂದ ಕೆಲವು ಮೈಲಿ ಒಳಗೆ ಎಡನೀರು ಮಠವಿದೆ. ಅದರ ಪೀಠಾಧಿಪತಿಗಳಾಗಿದ್ದ ಕೇಶವಾನಂದ ಭಾರತಿ ಸ್ವಾಮಿಗಳು 1970ರಲ್ಲಿ ಕೇರಳದ ಭೂಸುಧಾರಣಾ ಕಾನೂನನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಮಠದ ಪರವಾಗಿ ವಾದಿಸಿದವರು ನಾನಿ ಪಾಲ್ಖಿವಾಲಾ. ಆದಾಯ ತೆರಿಗೆ ಕುರಿತ ಅವರ ಗ್ರಂಥವನ್ನು ನಮ್ಮ ವೃತ್ತಿಯವರು ಇಂದಿಗೂ ಕೈಯಳತೆಯಲ್ಲಿ ಇಟ್ಟುಕೊಳ್ಳುತ್ತಾರೆ. ಹದಿಮೂರು ನ್ಯಾಯಮೂರ್ತಿಗಳ ಪೀಠ 68 ದಿನ ವಾದವನ್ನು ಆಲಿಸಿ, 1973ರ ಏಪ್ರಿಲ್ 24ರಂದು ಏಳು–ಆರರ ಬಹುಮತದಿಂದ ತೀರ್ಪಿತ್ತಿತು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ.

ಇಲ್ಲಿ ಗಡಿಯ ಪಾತ್ರವನ್ನು ಗಮನಿಸಬೇಕು. 1956ರಲ್ಲಿ ಎಡನೀರು ಮೈಸೂರು ರಾಜ್ಯಕ್ಕೆ ಸೇರಿದ್ದರೆ ಕೇರಳದ ಕಾನೂನು ಮಠದ ಭೂಮಿಯನ್ನು ಮುಟ್ಟುತ್ತಲೇ ಇರಲಿಲ್ಲ. ಕೇರಳದ ಕಠಿಣ ತಿದ್ದುಪಡಿ 1970ರ ಆರಂಭದಲ್ಲೇ ಜಾರಿಗೆ ಬಂದಿತು; ಕರ್ನಾಟಕದಲ್ಲಿ ಅಂಥ ತಿದ್ದುಪಡಿ ಬಂದದ್ದು 1974ರಲ್ಲಿ. ಒಂದೇ ಬಗೆಯ ತೋಟ, ಒಂದೇ ಬಗೆಯ ಗೇಣಿ ಪದ್ಧತಿ. ನಡುವಿನ ಗೆರೆಯ ಕಾರಣದಿಂದ ಬೇರೆ ಬೇರೆ ಕಾನೂನು. ಭೂಸುಧಾರಣಾ ಕಾನೂನು ಉಳಿಯಿತು. ಸ್ವಾಮಿಗಳಿಗೆ ಬೇಕಾಗಿದ್ದ ಪರಿಹಾರ ದೊರೆಯಲಿಲ್ಲ. ಆದರೆ ಅವರ ಹೆಸರಿನ ತೀರ್ಪು ದೇಶದ ಪ್ರತಿಯೊಬ್ಬ ಪ್ರಜೆಗೂ ರಕ್ಷೆಯಾಗಿ ನಿಂತಿದೆ. ಸ್ವಾಮಿಗಳು 2020ರ ಸೆಪ್ಟೆಂಬರ್ 6ರಂದು ದೈವಾಧೀನರಾದರು.

ಗಡಿ ದಾಟಿದ ಸಹಕಾರ, ಲೆಕ್ಕಕ್ಕೆ ಬಾರದ ವೆಚ್ಚ

1970ರ ದಶಕದ ಆರಂಭದಲ್ಲಿ ಅಡಿಕೆಯ ಬೆಲೆ ಕುಸಿದು ಬೆಳೆಗಾರರು ಕಂಗೆಟ್ಟಾಗ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರ ಜುಲೈ 11ರಂದು ‘ಕ್ಯಾಂಪ್ಕೋ’ ಸಹಕಾರ ಸಂಸ್ಥೆ ಹುಟ್ಟಿತು. ಪ್ರಧಾನ ಕಚೇರಿ ಮಂಗಳೂರಿನಲ್ಲಿ. ಸದಸ್ಯರು ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಬೆಳೆಗಾರರು. ಎರಡು ಸರ್ಕಾರಗಳು ಗಡಿಯ ಬಗ್ಗೆ ವಾದಿಸುತ್ತಿದ್ದ ಕಾಲದಲ್ಲೇ ಎರಡೂ ಕಡೆಯ ರೈತರು ಒಂದೇ ಸಂಸ್ಥೆಯ ಪಾಲು ಬಂಡವಾಳಕ್ಕೆ ಹಣ ಕಟ್ಟಿದರು. 1986ರಲ್ಲಿ ಪುತ್ತೂರಿನಲ್ಲಿ ಅದೇ ಸಂಸ್ಥೆಯ ಚಾಕೊಲೇಟ್ ಕಾರ್ಖಾನೆ ಆರಂಭವಾಯಿತು. ಗೆರೆಯನ್ನು ಅಳಿಸಲಾಗದಿದ್ದಾಗ ಅದರ ಮೇಲೊಂದು ಸೇತುವೆ ಕಟ್ಟುವುದು ಹೇಗೆಂಬುದಕ್ಕೆ ಸಹಕಾರ ಕ್ಷೇತ್ರದಲ್ಲಿ ಇದಕ್ಕಿಂತ ಉತ್ತಮ ಉದಾಹರಣೆ ವಿರಳ.

ಇದಕ್ಕೆ ವಿರುದ್ಧವಾದ ಕಥೆಯೂ ಇದೆ. ಕಾಸರಗೋಡಿನ ಗುಡ್ಡಗಳ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಪಡ್ರೆ ಗ್ರಾಮದ ವಾಣಿನಗರದಲ್ಲಿ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನಕುಮಾರ್ ಅವರು ರೋಗಿಗಳಲ್ಲಿ ಕಂಡುಬಂದ ಅಸಹಜ ಕಾಯಿಲೆಗಳನ್ನು ಗುರುತಿಸಿದರು. ಅದೇ ಊರಿನ ಪತ್ರಕರ್ತ, 1988ರಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ಯ ಸಂಪಾದಕೀಯ ಹೊಣೆ ಹೊತ್ತ ಶ್ರೀಪಡ್ರೆಯವರು ಅದನ್ನು ಲೋಕಕ್ಕೆ ತಿಳಿಸಿದರು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ಈ ಕೀಟನಾಶಕವನ್ನು ನಿಷೇಧಿಸಿ ಮಧ್ಯಂತರ ಆದೇಶ ನೀಡಿತು. 2017ರ ಜನವರಿ 10ರಂದು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ನೀಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು. ಗೇರುಬೀಜದ ಲಾಭ-ನಷ್ಟದ ತಖ್ತೆಯಲ್ಲಿ ಸಿಂಪಡಣೆಯ ಖರ್ಚು ಇದ್ದಿರಲೇಬೇಕು. ಮಕ್ಕಳ ಕಾಯಿಲೆಗೆ ಅಲ್ಲಿ ಅಂಕಣವಿರಲಿಲ್ಲ. ಪುಸ್ತಕದಲ್ಲಿ ಬರೆಯದ ವೆಚ್ಚವನ್ನೂ ಯಾರೋ ಒಬ್ಬರು ತೆತ್ತೇ ತೀರುತ್ತಾರೆ. ಸಣ್ಣ ಕಾರ್ಖಾನೆಯಾದರೂ ತ್ಯಾಜ್ಯವನ್ನು ಹೊರಬಿಡುವ ನಮ್ಮೆಲ್ಲರಿಗೂ ಇದು ಎಚ್ಚರಿಕೆ.

2020ರ ಮಾರ್ಚ್

ಗಡಿಯ ಖರ್ಚು ಹಣದಲ್ಲಿ ಮಾತ್ರವಲ್ಲ, ಪ್ರಾಣದಲ್ಲಿಯೂ ಬೀಳಬಹುದೆಂಬುದನ್ನು ಕೊರೋನಾ ತೋರಿಸಿಕೊಟ್ಟಿತು. 2020ರ ಮಾರ್ಚ್‌ನಲ್ಲಿ ತಲಪಾಡಿಯ ಗಡಿ ಮುಚ್ಚಿತು. ಹಲವು ಒಳರಸ್ತೆಗಳಿಗೆ ಮಣ್ಣು ಸುರಿಯಲಾಯಿತು. ಕಾಸರಗೋಡಿನ ಉತ್ತರ ಭಾಗದ ಜನರಿಗೆ ದೊಡ್ಡ ಆಸ್ಪತ್ರೆಯೆಂದರೆ ತಲೆಮಾರುಗಳಿಂದ ಮಂಗಳೂರೇ. ಸೋಂಕಿನ ಭಯ ಕರ್ನಾಟಕಕ್ಕಿತ್ತು. ಚಿಕಿತ್ಸೆಯ ತುರ್ತು ಆಚೆಯವರಿಗಿತ್ತು. ಏಪ್ರಿಲ್ 1ರಂದು ಕೇರಳ ಉಚ್ಚ ನ್ಯಾಯಾಲಯದ ಆದೇಶ, ಬಳಿಕ ಸರ್ವೋಚ್ಚ ನ್ಯಾಯಾಲಯದ ಕಲಾಪ, ಕೊನೆಗೆ ತುರ್ತು ರೋಗಿಗಳನ್ನು ತಲಪಾಡಿಯಲ್ಲಿ ಪರೀಕ್ಷಿಸಿ ಬಿಡುವ ಒಪ್ಪಂದ. ಅಷ್ಟರೊಳಗೆ ಚಿಕಿತ್ಸೆ ಸಿಗದೆ ಸಾವುಗಳು ಸಂಭವಿಸಿದ್ದವು. ಉಕ್ಕಿನಡ್ಕದಲ್ಲಿ 2013ರಲ್ಲಿ ಶಂಕುಸ್ಥಾಪನೆಯಾದ ಸರ್ಕಾರಿ ವೈದ್ಯಕೀಯ ಕಾಲೇಜು ಆಗಲೂ ಪೂರ್ಣವಾಗಿರಲಿಲ್ಲ. ಹತ್ತಿರದ ನಗರ ಬೇರೆ ರಾಜ್ಯದಲ್ಲಿದ್ದು, ಸ್ವಂತ ರಾಜ್ಯದ ರಾಜಧಾನಿ ಮತ್ತೊಂದು ತುದಿಯಲ್ಲಿದ್ದರೆ, ಗಡಿಯೂರಿನ ಅಗತ್ಯಗಳು ಎರಡೂ ಕಡೆಯ ಆಯವ್ಯಯದಲ್ಲಿ ಕೊನೆಯ ಸಾಲಿಗೆ ಇಳಿಯುತ್ತವೆ.

ಇದು ನಮ್ಮ ದೇಶಕ್ಕೆ ಮಾತ್ರ ಸೀಮಿತವಲ್ಲ. ನಾರ್ವೆಯಲ್ಲಿ ಸ್ವೀಡನ್ನಿನ ಗಡಿಗೆ ಹೊಂದಿಕೊಂಡು ಹಾಲ್ಡೆನ್ ಎಂಬ ಪಟ್ಟಣವಿದೆ. ಅದರ ಫ್ರೆಡ್ರಿಕ್‌ಸ್ಟೆನ್ ಕೋಟೆಯ ಮುತ್ತಿಗೆಯಲ್ಲಿ 1718ರಲ್ಲಿ ಸ್ವೀಡನ್ನಿನ ದೊರೆ ಹನ್ನೆರಡನೆಯ ಚಾರ್ಲ್ಸ್ ಮಡಿದ. 1905ರಲ್ಲಿ ಎರಡು ದೇಶಗಳು ಶಾಂತಿಯಿಂದ ಬೇರೆಯಾದವು. ಇಂದು ನಾರ್ವೆಯವರು ಸ್ವಿನೆಸುಂಡ್ ಸೇತುವೆ ದಾಟಿ, ಅಗ್ಗವಾಗಿ ಸಿಗುವ ಮಾಂಸ ಮತ್ತಿತರ ದಿನಸಿಗಾಗಿ ಸ್ವೀಡನ್ನಿನ ಅಂಗಡಿಗಳಿಗೆ ಹೋಗುತ್ತಾರೆ. 2020ರಲ್ಲಿ ಆ ಗಡಿಯೂ ಮುಚ್ಚಿದಾಗ ಅಲ್ಲಿನ ಅಂಗಡಿಕಾರರು ಬಾಗಿಲಲ್ಲಿ ಗಿರಾಕಿಯಿಲ್ಲದೆ ಕುಳಿತರು. ಬೇಕಲವಾಗಲಿ ಹಾಲ್ಡೆನ್ ಆಗಲಿ, ಕೋಟೆಯ ಕಾಲ ಮುಗಿದ ಮೇಲೂ ಗಡಿಯ ಲೆಕ್ಕ ಮುಗಿಯುವುದಿಲ್ಲ.

ವರ್ತಕರು ಗಮನಿಸಬೇಕಾದ ಅಂಶಗಳು

2017ರ ಜುಲೈ 1ರಂದು ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯು ಕಾಸರಗೋಡಿಗೆ ದೊಡ್ಡ ನೆಮ್ಮದಿ ತಂದಿತು. ಮಾರಾಟ ತೆರಿಗೆಯ ತಪಾಸಣಾ ಠಾಣೆಗಳಿಗೆ ಅರ್ಥವಿಲ್ಲದಾಯಿತು. ‘ಸಿ’ ನಮೂನೆಯ ಕಾಟ ಬಹುಮಟ್ಟಿಗೆ ತೀರಿತು. ಹೊರರಾಜ್ಯದಲ್ಲಿ ತೆತ್ತ ತೆರಿಗೆಯೂ ಹೂಡುವಳಿ ತೆರಿಗೆಯಾಗಿ ಜಮೆಯಾಗತೊಡಗಿತು. ಆದರೆ ಗೆರೆ ಪೂರ್ಣವಾಗಿ ಅಳಿಸಿಹೋಗಿಲ್ಲ. ಗುಂಡ್ಲುಪೇಟೆಯಿಂದ ವಯನಾಡಿಗೆ, ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಸರಕು ಕಳುಹಿಸುವ ನಮ್ಮ ಭಾಗದ ವರ್ತಕರಿಗೂ ಅನ್ವಯಿಸುವ ಮೂರು ಸಂಗತಿಗಳಿವೆ.

ಮೊದಲನೆಯದು, ನೋಂದಣಿ. ಸರಕಿನ ವ್ಯಾಪಾರಿಗೆ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರುವವರೆಗೆ ನೋಂದಣಿ ಬೇಡವೆಂಬ ರಿಯಾಯಿತಿಯು ರಾಜ್ಯದೊಳಗಿನ ಮಾರಾಟಕ್ಕೆ ಮಾತ್ರ. ತೆರಿಗೆಗೆ ಒಳಪಡುವ ಸರಕನ್ನು ಹೊರರಾಜ್ಯಕ್ಕೆ ಮಾರುವವರು, ಕೆಲವು ಕರಕುಶಲ ವಸ್ತುಗಳಂತಹ ವಿನಾಯಿತಿಗಳನ್ನು ಬಿಟ್ಟರೆ, ವಹಿವಾಟು ಎಷ್ಟೇ ಚಿಕ್ಕದಾಗಿದ್ದರೂ ನೋಂದಾಯಿಸಿಕೊಳ್ಳಬೇಕು.

ಎರಡನೆಯದು, ರಾಜಿ ತೆರಿಗೆ ಪದ್ಧತಿ. ಈ ಪದ್ಧತಿಯಲ್ಲಿರುವವರು ಹೊರರಾಜ್ಯದಿಂದ ಕೊಳ್ಳಬಹುದು. ಹೊರರಾಜ್ಯಕ್ಕೆ ಸರಕನ್ನು ಮಾರುವಂತಿಲ್ಲ. ಇಡೀ ರಾಜ್ಯವೇ ಪೇಟೆಯಾಗಿರುವ ಮೈಸೂರಿನ ಅಂಗಡಿಗೆ ಇದು ತೊಡಕಲ್ಲ. ಎರಡು ಮೈಲಿ ದೂರದ ಗಿರಾಕಿಯೇ ಹೊರರಾಜ್ಯದವನಾಗಿರುವ ತಲಪಾಡಿಯ ಅಂಗಡಿಗೆ ಇದು ದೊಡ್ಡ ತೊಡಕು.

ಮೂರನೆಯದು, ಬಿಲ್ಲಿನ ಮೇಲಿನ ವಿಳಾಸ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ನೋಂದಣಿಯಿಲ್ಲದ ಗಿರಾಕಿಗೆ ಸರಕು ಮಾರಿದಾಗ ಬಿಲ್ಲಿನಲ್ಲಿ ಬರೆದ ಅವನ ವಿಳಾಸವೇ ಪೂರೈಕೆಯ ಸ್ಥಳ. ವಿಳಾಸ ಬರೆಯದಿದ್ದರೆ ಮಾರಾಟಗಾರನ ಸ್ಥಳ. ರಾಜ್ಯದ ಹೆಸರೊಂದನ್ನು ಬರೆದರೂ ವಿಳಾಸ ಬರೆದಂತೆಯೇ. ಗಲ್ಲಾದ ಮುಂದೆ ನಿಂತು ಕೊಂಡುಹೋದ ಗಿರಾಕಿಯ ಬಿಲ್ಲಿನಲ್ಲಿ ‘ಕೇರಳ’ ಎಂಬ ಒಂದು ಪದವಿದ್ದರೆ ಸಾಕು, ಅದು ಅಂತರರಾಜ್ಯ ಮಾರಾಟವಾಗುತ್ತದೆ. ಬಿಲ್ಲು ಬರೆಯುವ ಗುಮಾಸ್ತರಿಗೆ ಈ ವಿಷಯವನ್ನು ತಿಳಿಸಿಕೊಡುವುದು ಒಳ್ಳೆಯದು. ತಮ್ಮ ತಮ್ಮ ವಹಿವಾಟಿಗೆ ಇದು ಹೇಗೆ ಅನ್ವಯಿಸುತ್ತದೆಂಬುದನ್ನು ಸದಸ್ಯರು ತಮ್ಮ ಲೆಕ್ಕಪರಿಶೋಧಕರೊಡನೆ ಪರಿಶೀಲಿಸಿಕೊಳ್ಳಬೇಕು.

ವಾಣಿಜ್ಯ ಸಂಘಗಳು ಕೈಗೊಳ್ಳಬಹುದಾದ ಕಾರ್ಯವೂ ಇದೆ. ಗಡಿಯ ತಾಲ್ಲೂಕುಗಳ ಸಣ್ಣ ವರ್ತಕರಿಗೆ ನೆರೆಯ ರಾಜ್ಯದ ತಾಲ್ಲೂಕಿಗೆ ಮಾಡುವ ಮಾರಾಟದ ಮಟ್ಟಿಗಾದರೂ ರಾಜಿ ಪದ್ಧತಿಯಲ್ಲಿ ಸಡಿಲಿಕೆ ದೊರೆಯಬೇಕೆಂದು ಎರಡೂ ರಾಜ್ಯಗಳ ಸಂಘಗಳು ಒಟ್ಟಾಗಿ ಜಿ.ಎಸ್.ಟಿ. ಮಂಡಳಿಗೆ ಮನವಿ ಸಲ್ಲಿಸಬಹುದು. ಸಂವಿಧಾನದ 301ನೆಯ ವಿಧಿಯು ದೇಶದ ಉದ್ದಗಲಕ್ಕೂ ವ್ಯಾಪಾರ ಮುಕ್ತವಾಗಿರಬೇಕೆನ್ನುತ್ತದೆ. ಆ ಮಾತಿನ ನಿಜವಾದ ಪರೀಕ್ಷೆ ನಡೆಯುವುದು ತಲಪಾಡಿಯಂತಹ ಸ್ಥಳಗಳಲ್ಲಿ.

ಎಪ್ಪತ್ತು ವರ್ಷಗಳಾಗುತ್ತ ಬಂದರೂ ಕಾಸರಗೋಡಿನ ಕನ್ನಡಿಗರು ಶಾಲೆಯನ್ನು ಬಿಟ್ಟಿಲ್ಲ, ಯಕ್ಷಗಾನವನ್ನು ಬಿಟ್ಟಿಲ್ಲ, ಮಂಗಳೂರಿನ ಪೇಟೆಯನ್ನೂ ಬಿಟ್ಟಿಲ್ಲ. ಗೆರೆಯನ್ನು ಎಳೆದವರು ದೂರದವರು. ಅದರ ಖರ್ಚನ್ನು ದಿನವೂ ಭರಿಸುತ್ತಿರುವವರು ಅವರು. ಅವರಿಂದ ಸೀರೆಯನ್ನೋ ಅಡಿಕೆಯನ್ನೋ ತೆಂಗಿನ ಸಸಿಯನ್ನೋ ಕೊಳ್ಳುವಾಗ, ಅವರ ಮಕ್ಕಳಿಗೆ ಮೈಸೂರಿನಲ್ಲಿ ಉದ್ಯೋಗವನ್ನೋ ವಿದ್ಯಾರ್ಥಿನಿಲಯವನ್ನೋ ಒದಗಿಸುವಾಗ, ಆ ಖರ್ಚಿನ ಅಲ್ಪಾಂಶವನ್ನಾದರೂ ನಾವು ಹಂಚಿಕೊಂಡಂತಾಗುತ್ತದೆ.